ಕ್ಯಾಮೆರಾಕ್ಕೆ ದುಡ್ಡು ಹಾಕುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ: ದುಬಾರಿ ಕ್ಯಾಮೆರಾ, ಲೆನ್ಸು ಕೊಂಡರೆ ಹಾಕಿದ ದುಡ್ಡಿಗೆ ತಕ್ಕ ಫಲ ಸಿಗುತ್ತದೆಯೇ? ಒಬ್ಬೊಬ್ಬರ ಕೆಲಸ ಒಂದೊಂದು ಥರ, ಹಾಗಾಗಿ ಉತ್ತರವೂ ಬೇರೆ ಬೇರೆ. ಬೆಲೆಗಳು ಆಗಾಗ ಬದಲಾಗುವುದರಿಂದ ಇಲ್ಲಿನ ಮೊತ್ತಗಳನ್ನು ಅಂದಾಜು ಎಂದೇ ತಿಳಿಯಿರಿ.

ಪ್ರಶ್ನೆ: ಮಗ ಪಿಯುಸಿ ಮುಗಿಸಿದ್ದಾನೆ. ಹಳೆಯ ಕ್ರಾಪ್ ಸೆನ್ಸರ್ ನಿಕಾನ್ ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್ ಇಟ್ಟುಕೊಂಡು ಫೋಟೊ ತೆಗೆಯುತ್ತಾನೆ. ಮನೆಯೊಳಗೆ, ಸಂಜೆ ಹೊತ್ತಿನಲ್ಲಿ ಫೋಟೊಗಳು ಮಸುಕಾಗುತ್ತವೆ, ಕಾಳುಕಾಳಾಗುತ್ತವೆ. ಫುಲ್ ಫ್ರೇಮ್ ಕೊಡಿಸಿ ಎಂದು ಹಟ ಹಿಡಿದಿದ್ದಾನೆ. ಅಂಗಡಿಯವರೂ ಅದನ್ನೇ ಹೇಳಿದರು. ಎರಡು ಲಕ್ಷ ಹಾಕಬಹುದೇ?
— ಓದುಗರು, ಹಾಸನ

ಉತ್ತರ: ಈಗಲೇ ಬೇಡ. ಹತ್ತು ಹದಿನೈದು ಸಾವಿರದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಕಾಣುತ್ತದೆ. ಲೆಕ್ಕ ನೋಡಿ.

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಫಲಕದ, ಅಂದರೆ ಸೆನ್ಸರಿನ, ಅಳತೆ 36×24 ಮಿ.ಮೀ. ನಿಕಾನ್ ಕ್ರಾಪ್ ಸೆನ್ಸರಿನದು ಸುಮಾರು 23.5×15.6 ಮಿ.ಮೀ. ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಫೋಟೊಗ್ರಾಫರುಗಳ ಮಾತಿನಲ್ಲಿ ಒಂದೂಕಾಲು ಸ್ಟಾಪ್ ಲಾಭ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಎರಡು ಲಕ್ಷ ಕೊಟ್ಟರೆ ಕತ್ತಲಲ್ಲಿ ಸಿಗುವ ಅನುಕೂಲ ಮುಖ್ಯವಾಗಿ ಇಷ್ಟು. ಇನ್ನು ಲೆನ್ಸಿನ ಕಡೆ ಬನ್ನಿ. 18-55 ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 1.8 ಲೆನ್ಸ್ ಹಾಕಿದರೆ ಒಳಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು, ಅಂದರೆ ಮೂರು ಸ್ಟಾಪಿಗೂ ಮೇಲೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಎಫ್ 5.6 ಇಟ್ಟರೆ ಶಟರ್ ವೇಗ ಸೆಕೆಂಡಿನ 1/15ರ ಆಸುಪಾಸಿಗೆ ಇಳಿಯುತ್ತದೆ. ಆ ವೇಗದಲ್ಲಿ ಮಕ್ಕಳು ಕತ್ತು ತಿರುಗಿಸಿದರೂ ಫೋಟೊ ಕೆಟ್ಟಿತು. ಅದೇ ಕೋಣೆ, ಅದೇ ಐಎಸ್ಒ, ಎಫ್ 1.8 ಆದರೆ 1/125 ಸಿಗುತ್ತದೆ.

ಕ್ರಾಪ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ 75 ಎಂಎಂನಂತೆ ಕೆಲಸ ಮಾಡುತ್ತದೆ, ಸಣ್ಣ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗುತ್ತದೆ. ಮನೆಯೊಳಗೇ ಹೆಚ್ಚು ತೆಗೆಯುವುದಾದರೆ 35 ಎಂಎಂ ಎಫ್ 1.8 ಕೊಡಿಸಿ. ಕೊಳ್ಳುವಾಗ ಒಂದು ಎಚ್ಚರ: ನಿಕಾನಿನ ಡಿ3000, ಡಿ5000 ಸಾಲಿನ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತ ಕೂರಬೇಕಾಗುತ್ತದೆ. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೇಳಿ.

ಇದಕ್ಕೂ ಮೊದಲು ಮಗನಿಗೆ ಒಂದು ಕೆಲಸ ಹೇಳಿ. ಕೆಟ್ಟುಹೋದ ಫೋಟೊಗಳನ್ನೆಲ್ಲ ಕಂಪ್ಯೂಟರಿನಲ್ಲಿ ತೆರೆದು ಪೂರ್ತಿ ದೊಡ್ಡದು ಮಾಡಿ ನೋಡಲಿ. ಇಡೀ ಚಿತ್ರ ಒಂದೇ ದಿಕ್ಕಿಗೆ ಗೀರಿದಂತಿದ್ದರೆ ಕೈ ನಡುಗಿದೆ. ಟ್ರೈಪಾಡು ಅಥವಾ ಇಮೇಜ್ ಸ್ಟೆಬಿಲೈಸೇಶನ್ (ಕೈನಡುಕ ತಗ್ಗಿಸುವ ವ್ಯವಸ್ಥೆ) ಇದಕ್ಕೆ ಮದ್ದು. ಗೋಡೆ, ಕುರ್ಚಿ ಸ್ಪಷ್ಟವಾಗಿದ್ದು ಮನುಷ್ಯ ಮಾತ್ರ ಮಸುಕಾಗಿದ್ದರೆ ಶಟರ್ ವೇಗ ಸಾಲದು. ಇಲ್ಲಿ ಬೇಕಾದ್ದು ಬೆಳಕು, ಸ್ಟೆಬಿಲೈಸೇಶನ್ ಇದ್ದೂ ಪ್ರಯೋಜನವಿಲ್ಲ. ಕಣ್ಣಿನ ಬದಲು ಕಿವಿಯೋ ಹಿಂದಿನ ಪರದೆಯೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲ ಫೋಕಸ್ ಬಿಂದುಗಳನ್ನೂ ಕ್ಯಾಮೆರಾಕ್ಕೆ ಬಿಟ್ಟುಕೊಡದೆ ಒಂದೇ ಬಿಂದು ಆರಿಸಿ ಕಣ್ಣಿನ ಮೇಲಿಟ್ಟರೆ ಖರ್ಚಿಲ್ಲದೆ ಸರಿಹೋಗುತ್ತದೆ. ಈ ಮೂರಕ್ಕೂ ಒಂದೇ ಔಷಧ ಎಂದು ಹೊಸ ಕ್ಯಾಮೆರಾ ಮಾರುವುದನ್ನು ನಾವು ಒಪ್ಪುವುದಿಲ್ಲ.

ಮೆಗಾಪಿಕ್ಸೆಲ್ ಬಗ್ಗೆಯೂ ಚಿಂತೆ ಬೇಡ. ಎ4 ಅಳತೆಯ ಫೋಟೊವನ್ನು ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕಲು 8.7 ಮೆಗಾಪಿಕ್ಸೆಲ್ ಸಾಕು. 12×18 ಇಂಚಿನ ಪ್ರಿಂಟಿಗೆ ಹತ್ತೊಂಬತ್ತೂವರೆ. 24 ಇರುವ ಕ್ಯಾಮೆರಾದಿಂದ 45ಕ್ಕೆ ಹೋದರೆ ಅಗಲದಲ್ಲಿ ಹೆಚ್ಚುವ ವಿವರ ಶೇ 37 ಮಾತ್ರ, ಆದರೆ ಹಾರ್ಡ್‌ಡಿಸ್ಕ್ ತುಂಬುವುದು ಹೆಚ್ಚುಕಡಿಮೆ ಎರಡು ಪಟ್ಟು ಬೇಗ.

ಪ್ರಶ್ನೆ: ಮದುವೆ ಫೋಟೊಗ್ರಫಿಗೆ ಇಳಿದು ಎರಡು ವರ್ಷ ಆಯಿತು. ಒಂದು ಕ್ರಾಪ್ ಕ್ಯಾಮೆರಾ, 18-140 ಲೆನ್ಸ್, ಒಂದು ಫ್ಲ್ಯಾಶ್ ಇದೆ. ಮೂರೂವರೆ ಲಕ್ಷ ಸಾಲ ಮಾಡಿ ಫುಲ್ ಫ್ರೇಮ್ ಮತ್ತು 70-200 ಎಫ್ 2.8 ತೆಗೆದುಕೊಳ್ಳಬೇಕೆಂದಿದ್ದೇನೆ. ದೊಡ್ಡ ಲೆನ್ಸ್ ನೋಡಿದರೆ ಗಿರಾಕಿ ಹೆಚ್ಚು ಕೊಡುತ್ತಾರೆ ಎನ್ನುತ್ತಾರೆ.
— ಓದುಗರು, ದಾವಣಗೆರೆ

ಉತ್ತರ: ಖರ್ಚು ಮಾಡಿ, ಆದರೆ ಈ ಕ್ರಮದಲ್ಲಿ ಬೇಡ. ಧಾರೆ ಎರೆಯುವ ಹೊತ್ತನ್ನು ಇನ್ನೊಮ್ಮೆ ಮಾಡಿಸಲು ಆಗುವುದಿಲ್ಲ. ಹಾಗಾಗಿ ಮದುವೆ ಕೆಲಸದಲ್ಲಿ ಮೊದಲ ದುಡ್ಡು ಹೋಗಬೇಕಾದ್ದು ಕೈಕೊಡದ ಸಾಮಾನಿಗೆ.

ಈಗ ನಿಮ್ಮ ಬಳಿ ಇರುವುದು ಒಂದೇ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ). ಮಾಂಗಲ್ಯಧಾರಣೆಗೆ ಐದು ನಿಮಿಷ ಇರುವಾಗ ಅದರ ಶಟರ್ ಕೂತರೆ ಏನು ಮಾಡುತ್ತೀರಿ? ಎರಡನೇ ಬಾಡಿ ಮೊದಲು ಬರಲಿ, ಅದರಲ್ಲಿ ಎರಡು ಕಾರ್ಡ್ ಸ್ಲಾಟ್ ಇರಲಿ, ಎರಡಕ್ಕೂ ಒಂದೇ ಫೋಟೊ ಬರೆಯುವಂತೆ ಸೆಟ್ ಮಾಡಿ. ಸ್ಲಾಟಿನ ವಿಷಯದಲ್ಲಿ ಹೊಸದು ಅಂದರೆ ಒಳ್ಳೆಯದು ಎಂದು ನಂಬಬೇಡಿ. ನಿಕಾನ್ ಡಿ7200ರಲ್ಲಿ ಎರಡು ಸ್ಲಾಟ್ ಇತ್ತು, ಅದರ ನಂತರ ಬಂದ ಡಿ7500ರಲ್ಲಿ ಒಂದೇ. ಮೊದಲ ಝಡ್6ರಲ್ಲಿ ಒಂದು, ಝಡ್6 ಎರಡನೇ ಆವೃತ್ತಿಯಲ್ಲಿ ಎರಡು. ಕ್ಯಾನನ್ ಆರ್8ರಲ್ಲಿ ಒಂದು, ಆರ್6ರಲ್ಲಿ ಎರಡು. ಸೋನಿ ಎ7 ಮೂರನೇ ಆವೃತ್ತಿಯಲ್ಲೂ ಎರಡಿದೆ. 2014ರಲ್ಲಿ ಬಂದ ನಿಕಾನ್ ಡಿ750 ಇವತ್ತಿಗೂ ಸೆಕೆಂಡ್ ಹ್ಯಾಂಡಿನಲ್ಲಿ ಮದುವೆ ಕೆಲಸಕ್ಕೆ ಗಟ್ಟಿ ಬಾಡಿ: ಫುಲ್ ಫ್ರೇಮ್, 24 ಮೆಗಾಪಿಕ್ಸೆಲ್, ಎರಡು ಸ್ಲಾಟ್. ನಿಮ್ಮ 18-140 ಕ್ರಾಪ್ ಲೆನ್ಸ್. ಅದನ್ನು ಡಿ750ಕ್ಕೆ ಹಾಕಿದರೆ ಚಿತ್ರ ಸುಮಾರು 10 ಮೆಗಾಪಿಕ್ಸೆಲಿಗೆ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಎರಡನೆಯದು ಬೆಳಕು. ಬಿಳಿ ಸೀಲಿಂಗು ಹತ್ತು ಹದಿನೈದು ಅಡಿ ಎತ್ತರದಲ್ಲಿದ್ದರೆ ಫ್ಲ್ಯಾಶ್ ತಲೆಯನ್ನು ಮೇಲಕ್ಕೆ ತಿರುಗಿಸಿ ಐಎಸ್ಒ 800, ಎಫ್ 4, 1/125ರಿಂದ ಶುರು ಮಾಡಿ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಸೀಲಿಂಗಿಗೆ ಬಣ್ಣದ ಬಟ್ಟೆ ಕಟ್ಟಿರುತ್ತಾರೆ, ಇಲ್ಲವೇ ಅದು ಮೂವತ್ತು ಅಡಿ ಮೇಲಿರುತ್ತದೆ. ಬಟ್ಟೆ ಗುಲಾಬಿಯಾದರೆ ವಧುವಿನ ಮುಖವೂ ಗುಲಾಬಿ. ಆ ಛಾಯೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ತೆಗೆಯಲಾಗದು, ಏಕೆಂದರೆ ಮುಖದ ಒಂದು ಬದಿ ಫ್ಲ್ಯಾಶಿನದು, ಇನ್ನೊಂದು ಬದಿ ಮಂಟಪದ ದೀಪದ್ದು. ಅಂಥ ಕಡೆ ಎರಡನೇ ಫ್ಲ್ಯಾಶನ್ನು ಸ್ಟ್ಯಾಂಡಿನ ಮೇಲೆ ಬಿಳಿ ಛತ್ರಿಗೆ ಹೊಡೆಸಿ, ವೇದಿಕೆಯ ಬದಿಯಿಂದ 45 ಡಿಗ್ರಿ ಕೋನದಲ್ಲಿ, ಏಳೆಂಟು ಅಡಿ ಎತ್ತರದಲ್ಲಿಟ್ಟು, ರೇಡಿಯೊ ಟ್ರಿಗರಿನಿಂದ ನಡೆಸಿ. ಲಿಥಿಯಂ ಬ್ಯಾಟರಿಯ ಫ್ಲ್ಯಾಶ್ ಆದರೆ ಪೂರ್ತಿ ಶಕ್ತಿಯಲ್ಲಿ ಹೊಡೆದ ಮೇಲೂ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮತ್ತೆ ಸಿದ್ಧ. ಅಕ್ಷತೆ ಬೀಳುವ ಆ ಕೆಲವು ಸೆಕೆಂಡುಗಳಲ್ಲಿ ಈ ವೇಗಕ್ಕೆ ಕೊಟ್ಟ ದುಡ್ಡು ಸಾರ್ಥಕ.

ಮೂರನೆಯದು ಲೆನ್ಸ್, ಅದರಲ್ಲೂ 24-70 ಅಥವಾ 28-75 ಎಫ್ 2.8. ಪುರೋಹಿತರ ಪಕ್ಕ ನಿಂತು ತೆಗೆಯುವ ಎಲ್ಲವೂ ಇದರಲ್ಲೇ ಮುಗಿಯುತ್ತದೆ. ಟ್ಯಾಮ್ರಾನ್, ಸಿಗ್ಮಾದವರ ಲೆನ್ಸು ಕ್ಯಾಮೆರಾ ಕಂಪನಿಯದಕ್ಕಿಂತ ಬಹಳ ಕಡಿಮೆಗೆ ಬರುತ್ತದೆ, ಆಲ್ಬಂನಲ್ಲಿ ವ್ಯತ್ಯಾಸ ಹುಡುಕಿದರೂ ಸಿಗದು. 70-200 ಹಿಡಿದು ಹಿಂದೆ ನಿಂತರೆ ವಿಡಿಯೊದವರು, ನೆಂಟರು ಎದ್ದು ನಿಂತು ಮುಖ್ಯ ಹೊತ್ತಿನಲ್ಲೇ ಅಡ್ಡವಾಗುತ್ತಾರೆ. ಅದನ್ನು ದೊಡ್ಡ ಮದುವೆಗಳಿಗೆ ಬಾಡಿಗೆಗೆ ತನ್ನಿ; ಮಿಕ್ಕ ದಿನ 85 ಎಂಎಂ ಎಫ್ 1.8 ಸಾಕು.

ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಗ್ಗೆ ಹುಷಾರು. ಸಾಧಾರಣ ಸೆನ್ಸರಿನಲ್ಲಿ ಚಿತ್ರವನ್ನು ಸಾಲುಸಾಲಾಗಿ ಓದಲು ಸೆಕೆಂಡಿನ 1/15ರಿಂದ 1/60ರಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಎಲ್‌ಇಡಿ ದೀಪ, ಎಲ್‌ಇಡಿ ಪರದೆ ಹಲವು ಸಲ ಮಿನುಗಿ ಚಿತ್ರದ ಮೇಲೆ ಪಟ್ಟೆಗಳು ಬೀಳುತ್ತವೆ. ಚಿತ್ರವನ್ನು ಬಹಳ ಬೇಗ ಓದುವ ಸ್ಟ್ಯಾಕ್ಡ್ ಸೆನ್ಸರ್ ಇರುವ ದುಬಾರಿ ಬಾಡಿಗಳಲ್ಲಿ ಇದು ಬಹಳ ಕಡಿಮೆ, ಅವುಗಳ ಬೆಲೆಗೆ ಇದೂ ಒಂದು ಕಾರಣ. ನಿಮಗೆ ಸದ್ಯಕ್ಕೆ ಮೆಕ್ಯಾನಿಕಲ್ ಶಟರ್ ಬಳಸಿದರೆ ಆಯಿತು.

ಸಾಲದ ಲೆಕ್ಕ ಹೀಗೆ ಹಾಕಿ. ಮೂರು ಲಕ್ಷದ ಸಾಮಾನನ್ನು ನಾಲ್ಕು ವರ್ಷ ದುಡಿಸಿ ಒಂದು ಲಕ್ಷಕ್ಕೆ ಮಾರಿದಿರಿ ಎನ್ನಿ. ವರ್ಷಕ್ಕೆ 50,000 ಸವೆತ. ವರ್ಷಕ್ಕೆ 25 ಮದುವೆ ಇದ್ದರೆ ಮದುವೆಗೆ 2,000 ರೂಪಾಯಿ, ಮೇಲೆ ಬಡ್ಡಿ. ನಿಮ್ಮೂರಿನಲ್ಲಿ ಅದೇ ಸಾಮಾನಿನ ದಿನದ ಬಾಡಿಗೆ ಇದಕ್ಕಿಂತ ಹೆಚ್ಚಿದ್ದರೆ ಕೊಳ್ಳಿ. ವರ್ಷಕ್ಕೆ ಎಂಟು ಹತ್ತೇ ಮದುವೆ ಸಿಗುತ್ತಿದ್ದರೆ ಬಾಡಿಗೆಯೇ ಅಗ್ಗ. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆ ಇರುವುದಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಆ ತಿಂಗಳುಗಳ ಕಂತನ್ನು ಸೀಸನ್ನಿನಲ್ಲೇ ತೆಗೆದಿಡಲು ಆಗುವಷ್ಟು ಮಾತ್ರ ಸಾಲ ಮಾಡಿ.

ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುತ್ತೇವೆ ಎನ್ನುವವರಿಂದ ತರಬೇಡಿ. ಡಿಜಿಟಲ್ ಕ್ಯಾಮೆರಾ ಮೇಲೆ ಶೇ 18 ಜಿಎಸ್‌ಟಿ ಇದೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದು ನಿಮ್ಮ ನಂಬರ್ ಹಾಕಿಸಿ ಬಿಲ್ ಪಡೆದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಬಿಲ್ಲಿಲ್ಲದಿದ್ದರೆ ಕ್ರೆಡಿಟ್ಟೂ ಇಲ್ಲ, ಭಾರತದ ವಾರಂಟಿಯೂ ಇಲ್ಲ, ವಿಮೆಯವರ ಮುಂದೆ ತೋರಿಸಲು ಏನೂ ಇಲ್ಲ.

ಇನ್ನು, ದೊಡ್ಡ ಲೆನ್ಸ್ ನೋಡಿ ಗಿರಾಕಿ ಹೆಚ್ಚು ಕೊಡುತ್ತಾರೆ ಎಂಬ ಮಾತು. ಗಿರಾಕಿ ಬುಕ್ ಮಾಡುವುದು ನಿಮ್ಮ ಹಳೆಯ ಆಲ್ಬಂ ನೋಡಿ. ಅಲ್ಲಿ ಲೆನ್ಸ್ ಕಾಣುವುದಿಲ್ಲ.

ಪ್ರಶ್ನೆ: ಯಕ್ಷಗಾನದ ಫೋಟೊ ತೆಗೆಯುವ ಹವ್ಯಾಸ. ಕ್ಯಾನನ್ ಆರ್ ಸರಣಿಯ ಫುಲ್ ಫ್ರೇಮ್ ಇದೆ. ಕುಣಿತದ ಫೋಟೊ ಅಲುಗುತ್ತದೆ, ಕೆಂಪು ಬಟ್ಟೆಯೆಲ್ಲ ಬಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. 85 ಎಂಎಂ ಎಫ್ 1.2 ಲೆನ್ಸ್ ತಗೊಂಡರೆ ಸರಿಯಾಗುತ್ತದೆಯೇ?
— ಓದುಗರು, ಕುಂದಾಪುರ

ಉತ್ತರ: ಕೆಂಪಿನ ಸಮಸ್ಯೆ ಯಾವ ಲೆನ್ಸಿನಿಂದಲೂ ಹೋಗದು, ಅದನ್ನು ಮೊದಲು ಮುಗಿಸೋಣ. ರಂಗಸ್ಥಳದ ಬೆಳಕಿನಲ್ಲಿ ಕೆಂಪು ಜಾಸ್ತಿ, ವೇಷಭೂಷಣದಲ್ಲೂ ಕೆಂಪು ಜಾಸ್ತಿ. ಸೆನ್ಸರಿನ ಕೆಂಪು ಚಾನೆಲ್ ತುಂಬಿ ಹೋದಾಗಲೂ ಹಸಿರು, ನೀಲಿ ತುಂಬಿರುವುದಿಲ್ಲ. ಸಾಮಾನ್ಯ ಹಿಸ್ಟೋಗ್ರಾಂ, ಅಂದರೆ ಬೆಳಕಿನ ಹಂಚಿಕೆಯ ನಕ್ಷೆ, ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಮೆನುವಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿಕೊಂಡು ಕೆಂಪಿನ ಗೆರೆ ಬಲಗೋಡೆಗೆ ಒತ್ತಿಕೊಂಡಿದೆಯೇ ನೋಡಿ. ಒತ್ತಿಕೊಂಡಿದ್ದರೆ ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪಿನಷ್ಟು ಇಳಿಸಿ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ. ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಹೊಂದಿಸುವ ಸೆಟ್ಟಿಂಗು) ಆಟೊದಲ್ಲಿ ಬಿಡದೆ 3,500 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ವೇಷ ಬದಲಾದಾಗಲೆಲ್ಲ ಮುಖವರ್ಣಿಕೆಯ ಬಣ್ಣವೂ ಬದಲಾಗುತ್ತದೆ. ಹಿನ್ನೆಲೆಯ ಕತ್ತಲನ್ನು ನೋಡಿ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸಲು ಹೋಗುವುದೂ ಬಣ್ಣ ಸುಡಲು ಕಾರಣ. ಮ್ಯಾನ್ಯುವಲ್ ಮೋಡಿಗೆ ಹೋಗಿ, ಪೀಠಿಕೆಯ ಪಾತ್ರ ಬಂದಾಗಲೇ ಅಳೆದು, ದೀಪ ಬದಲಾಗುವವರೆಗೆ ಮುಟ್ಟಬೇಡಿ.

ಅಲುಗುವುದಕ್ಕೆ ಬರೋಣ. ಮಾತುಗಾರಿಕೆಯ ಹೊತ್ತಿಗೆ 1/160 ಸಾಕು. ದಿಗಿಣ ಹಾಕುವಾಗ 1/500 ಬೇಕು, ಆಗಲೂ ಗೆಜ್ಜೆ ಕಾಲು ಸ್ವಲ್ಪ ಮಸುಕಾದೀತು; ಅದು ಚೆಂದವೇ. ಜಿಗಿತದ ತುದಿಯಲ್ಲಿ ದೇಹ ಒಂದು ಕ್ಷಣ ನಿಂತಂತಾಗುತ್ತದೆ. ಚೆಂಡೆಯ ಪೆಟ್ಟು ಕೇಳುತ್ತ ಆ ತುದಿಗೆ ಒತ್ತಲು ಬಂದರೆ 1/250ರಲ್ಲೂ ಸ್ಪಷ್ಟ ಚಿತ್ರ ಸಿಗುತ್ತದೆ.

ಎಫ್ 1.2 ಲೆನ್ಸ್ ಎರಡು ಲಕ್ಷ ದಾಟುತ್ತದೆ, ತೂಕ 1,195 ಗ್ರಾಂ. ಕ್ಯಾನನ್ನಿನದೇ 85 ಎಫ್ 2 ಲೆನ್ಸ್ 500 ಗ್ರಾಂ, ಬೆಲೆ ಅದರ ಒಂದು ಸಣ್ಣ ಪಾಲು. ಬೆಳಕಿನ ವ್ಯತ್ಯಾಸ ಒಂದೂವರೆ ಸ್ಟಾಪ್. ಆದರೆ ಎಫ್ 1.2ರಲ್ಲಿ, ಐದು ಮೀಟರ್ ದೂರದಲ್ಲಿ, ಸ್ಪಷ್ಟವಾಗಿ ಬೀಳುವ ಆಳ ಸುಮಾರು 25 ಸೆಂಟಿಮೀಟರ್ ಮಾತ್ರ. ಸುತ್ತು ಬರುವ ಕಲಾವಿದ ಒಂದು ಹೆಜ್ಜೆ ಮುಂದಿಟ್ಟರೆ ಅದರಿಂದ ಆಚೆ. ಎದೆಯ ಕವಚ ಸ್ಪಷ್ಟ, ಕಣ್ಣು ಮಸುಕು ಆಗುವ ಸಾಧ್ಯತೆ ಹೆಚ್ಚು. ಹೇಗೂ ಎಫ್ 2, 2.2ಕ್ಕೆ ಇಳಿಸಿಯೇ ತೆಗೆಯಬೇಕಾಗುತ್ತದೆ. ಹಾಗಾದರೆ 1.2ಕ್ಕೆ ಕೊಟ್ಟ ದುಡ್ಡು ಏಕೆ? ಎಫ್ 2 ಲೆನ್ಸಿಗೂ ಒಂದು ಕೊರತೆ ಇದೆ: ಅದು ಮ್ಯಾಕ್ರೊ ಲೆನ್ಸ್, ಫೋಕಸ್ ನಿಧಾನ. ಕುಣಿತಕ್ಕೆ ಬೇಗ ಫೋಕಸ್ ಆಗುವ ಹಳೆಯ ಇಎಫ್ 85 ಎಫ್ 1.8 ಯುಎಸ್‌ಎಂ ಲೆನ್ಸನ್ನು ಅಡಾಪ್ಟರ್ ಸಹಿತ ಸೆಕೆಂಡ್ ಹ್ಯಾಂಡಿನಲ್ಲಿ ತನ್ನಿ. ನಮ್ಮ ಶಿಫಾರಸು ಇದೇ.

ಚಿತ್ರದಲ್ಲಿ ಅಡ್ಡಪಟ್ಟೆ ಬೀಳುತ್ತಿದ್ದರೆ ಕಾರಣ ನಮ್ಮ ಕರೆಂಟು. ಅದು 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/100 ಅಥವಾ 1/50ರಲ್ಲಿ ಪಟ್ಟೆ ಬರುವುದಿಲ್ಲ. ವೇಗ ಬೇಕೆಂದಾಗ ಮೆನುವಿನಲ್ಲಿ ಆಂಟಿ ಫ್ಲಿಕರ್ ಹಾಕಿ, ಶಟರ್ ದೀಪ ಪೂರ್ತಿ ಬೆಳಗುವ ಕ್ಷಣಕ್ಕೆ ಕಾದು ತೆರೆಯುತ್ತದೆ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಕಲಾವಿದರ ಕಣ್ಣು ಕುಕ್ಕುತ್ತದೆ, ರಂಗಸ್ಥಳದ ಬಣ್ಣವೂ ಹೋಗುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಕೇಳಿಕೊಂಡು ತೆಗೆಯಿರಿ. ಕನ್ನಡಿ ಪಕ್ಕದ ಬಲ್ಬಿನ ಬೆಳಕೇ ಎಫ್ 2, 1/60ಕ್ಕೆ ಸಾಕಾಗುತ್ತದೆ.

ಪ್ರಶ್ನೆ: ಕಬಿನಿ, ರಂಗನತಿಟ್ಟು ಕಡೆ ಪ್ರಾಣಿ ಪಕ್ಷಿ ಫೋಟೊ ತೆಗೆಯುತ್ತೇನೆ. 150-600 ಲೆನ್ಸ್ ಇದೆ. 600 ಎಫ್ 4 ಇಲ್ಲದೆ ಒಳ್ಳೆಯ ಚಿತ್ರ ಬರುವುದಿಲ್ಲ ಎನ್ನುತ್ತಾರೆ ಗೆಳೆಯರು. ನಿಜವೇ?
— ಓದುಗರು, ಮೈಸೂರು

ಉತ್ತರ: ಅರ್ಧ ನಿಜ. 600 ಎಂಎಂನಲ್ಲಿ ಎಫ್ 4 ಎಂದರೆ ಬೆಳಕಿನ ದಾರಿಯ ವ್ಯಾಸ 150 ಮಿ.ಮೀ., ಎಫ್ 6.3 ಎಂದರೆ 95 ಮಿ.ಮೀ. ಅಷ್ಟಗಲದ ಗಾಜನ್ನು ದೋಷವಿಲ್ಲದೆ ಉಜ್ಜಿ ಮಾಡುವುದಕ್ಕೇ ಆ ಬೆಲೆ. ಹತ್ತು ಲಕ್ಷ ದಾಟುವ ಲೆನ್ಸಿನಿಂದ ಸಿಗುವುದು ಒಂದೂಕಾಲು ಸ್ಟಾಪಿಗಿಂತ ತುಸು ಹೆಚ್ಚು ಬೆಳಕು, ನುಣ್ಣನೆಯ ಹಿನ್ನೆಲೆ, ಮಬ್ಬಿನಲ್ಲೂ ತಡವರಿಸದ ಫೋಕಸ್. ಬೆಳಗಿನ ಸಫಾರಿಯ ಮೊದಲ ಅರ್ಧ ಗಂಟೆ, ಮರದ ನೆರಳಿನಲ್ಲಿ ಚಿರತೆ, ಆಗ ನಿಮ್ಮ ಲೆನ್ಸಿಗೆ ಐಎಸ್ಒ 6400 ಬೇಕಾದರೆ ಅದಕ್ಕೆ 2500 ಸಾಕು. ಆ ಅರ್ಧ ಗಂಟೆಯೇ ಮುಖ್ಯವಾದವರಿಗೆ ಇದು ದೊಡ್ಡ ಲಾಭ. ಉಳಿದವರಿಗೆ 2023ರಲ್ಲಿ ಫೋಟೊ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿಗೆ ಸೇರಿದ ಡಿನಾಯ್ಸ್‌ನಂಥ ತಂತ್ರಾಂಶ ರಾ ಫೈಲಿನ ಕಾಳನ್ನು ತೆಗೆದು ಆ ಅಂತರದ ಬಹುಪಾಲನ್ನು ತುಂಬಿಕೊಡುತ್ತದೆ.

ನಿಮ್ಮ ಚಿತ್ರ ಮಸುಕಾಗಲು ಲೆನ್ಸಲ್ಲದ ಕಾರಣಗಳೇ ಹೆಚ್ಚಿರಬಹುದು. ಬಿಸಿಲೇರಿದ ಮೇಲೆ ಕಬಿನಿ ಹಿನ್ನೀರಿನ ಬಯಲಿನಲ್ಲಿ ಕಾದ ಗಾಳಿ ಅಲೆಯಾಡುತ್ತದೆ. ನೂರು ಮೀಟರ್ ಆಚೆಯ ಆನೆಯ ಚರ್ಮದ ವಿವರ ಹತ್ತು ಲಕ್ಷದ ಲೆನ್ಸಿಗೂ ಸಿಗದು. ಹತ್ತಿರದ್ದನ್ನು ತೆಗೆಯಿರಿ, ಇಲ್ಲವೇ ಬೆಳಿಗ್ಗೆ ಬೇಗ, ಸಂಜೆ ತಡವಾಗಿ ತೆಗೆಯಿರಿ. ಜೀಪಿನ ಕಂಬಿಯ ಮೇಲೆ ಲೆನ್ಸನ್ನು ನೇರ ಊರಬೇಡಿ. ಬಟ್ಟೆಚೀಲಕ್ಕೆ ಎರಡು ಮೂರು ಕಿಲೊ ಅಕ್ಕಿಯೋ ಹುರುಳಿಯೋ ತುಂಬಿ ಮುಕ್ಕಾಲು ಭಾಗ ಮಾತ್ರ ತುಂಬುವಂತೆ ಹೊಲಿದು ಅದರ ಮೇಲಿಡಿ, ಎಂಜಿನ್ ನಿಲ್ಲಿಸಲು ಚಾಲಕರನ್ನು ಕೇಳಿ. ಎಂಜಿನ್ನಿನ ನಡುಕ 1/1000ದಲ್ಲೂ ಚಿತ್ರಕ್ಕೆ ಬರುತ್ತದೆ. ನಿಮ್ಮ ಲೆನ್ಸನ್ನು 600ರ ತುದಿಯಲ್ಲಿ ಎಫ್ 8ಕ್ಕೆ ಇಳಿಸಿ ನೋಡಿ, ಈ ಬಗೆಯ ಹಲವು ಲೆನ್ಸುಗಳು ಅಲ್ಲಿ ಚುರುಕಾಗುತ್ತವೆ.

ರಂಗನತಿಟ್ಟಿನ ದೋಣಿಯಲ್ಲಿ ಪಕ್ಷಿಗಳು ಎಷ್ಟು ಹತ್ತಿರ ಎಂದರೆ 100-400 ಧಾರಾಳ ಸಾಕು. ಮೂರು ಕಿಲೊ ತೂಗುವ 600 ಎಫ್ 4 ಹಿಡಿದು ಅಲುಗುವ ದೋಣಿಯಲ್ಲಿ ಪರದಾಡುವುದೇ ಆದೀತು. ನಿಜಕ್ಕೂ ಆ ಲೆನ್ಸಿನ ಆಸೆ ಇದ್ದರೆ ಒಂದು ಪ್ರವಾಸಕ್ಕೆ ಬಾಡಿಗೆಗೆ ತಂದು, ಎರಡೂ ಲೆನ್ಸಿನ ಚಿತ್ರಗಳನ್ನು ನೀವು ಹಾಕಿಸುವ ಅಳತೆಗೇ ಪ್ರಿಂಟ್ ತೆಗೆಸಿ ಪಕ್ಕಪಕ್ಕ ಇಟ್ಟು ತೀರ್ಮಾನಿಸಿ. ಸಫಾರಿಯಲ್ಲಿ ಉದ್ದ ಲೆನ್ಸಿಗೆ ಬೇರೆ ಶುಲ್ಕ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಪ್ರಶ್ನೆ: ಇಳಕಲ್ ಸೀರೆಗಳನ್ನು ಫೋನಿನಲ್ಲಿ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಮಾರುತ್ತೇನೆ. "ಫೋಟೊದಲ್ಲಿದ್ದ ಬಣ್ಣ ಬೇರೆ, ಬಂದ ಸೀರೆ ಬೇರೆ" ಅಂತ ವಾಪಸ್ ಕಳಿಸ್ತಾರೆ. ಒಳ್ಳೆಯ ಕ್ಯಾಮೆರಾ ತಗೊಳ್ಳಬೇಕಾ?
— ಓದುಗರು, ಹುನಗುಂದ

ಉತ್ತರ: ಬೇಡ ಅಕ್ಕಾ. ಫೋನೇ ಸಾಕು, ಬೆಳಕು ಸರಿಮಾಡಿ. ಕಿಟಕಿಯ ಬೆಳಕು ನೀಲಿ, ಬಲ್ಬಿನ ಬೆಳಕು ಹಳದಿ. ಎರಡೂ ಸೇರಿದ ಕಡೆ ಯಾವ ಕ್ಯಾಮೆರಾವೂ ಸರಿ ಬಣ್ಣ ಹೇಳಲಾರದು. ಒಳಗಿನ ದೀಪ ಎಲ್ಲ ಆರಿಸಿ. ನೇರ ಬಿಸಿಲು ಬೀಳದ, ಉತ್ತರಕ್ಕಿರುವ ಕಿಟಕಿ ಅಥವಾ ಪಡಸಾಲೆ ಆರಿಸಿಕೊಳ್ಳಿ. ಸೀರೆಯನ್ನು ಕಿಟಕಿಯಿಂದ ಮೂರು ನಾಲ್ಕು ಅಡಿ ದೂರ ಇಟ್ಟು, ಎದುರು ಬದಿಗೆ ಬಿಳಿ ಥರ್ಮೊಕೋಲ್ ಹಾಳೆ ನಿಲ್ಲಿಸಿ, ನೆರಳು ತಿಳಿಯಾಗುತ್ತದೆ. ಗೋಡೆಗೆ ಹಸಿರೋ ಗುಲಾಬಿಯೋ ಬಣ್ಣ ಇದ್ದರೆ ಅದೂ ಸೀರೆ ಮೇಲೆ ಬೀಳುತ್ತದೆ, ಬಿಳಿ ಬಟ್ಟೆ ಕಟ್ಟಿ ಮುಚ್ಚಿ.

ಫೋಟೊ ಸ್ಟುಡಿಯೊ ಸಾಮಾನಿನ ಅಂಗಡಿಯಲ್ಲಿ ಗ್ರೇ ಕಾರ್ಡ್ ಎಂಬ ಬೂದು ಹಾಳೆ ಸಿಗುತ್ತದೆ. ಅದನ್ನು ಸೀರೆಯ ಮೇಲಿಟ್ಟು ಮೊದಲ ಫೋಟೊ ತೆಗೆಯಿರಿ. ಫೋನಿನ ಪ್ರೊ ಮೋಡಿನಲ್ಲಿ ಆ ಬೂದು ಬಣ್ಣ ಬೂದಾಗಿಯೇ ಕಾಣುವವರೆಗೆ ವೈಟ್ ಬ್ಯಾಲೆನ್ಸ್ ತಿದ್ದಿ, ಅದೇ ಸೆಟ್ಟಿಂಗಿನಲ್ಲಿ ಉಳಿದವನ್ನೆಲ್ಲ ತೆಗೆಯಿರಿ. ಫೋನಿನ ಎಐ, ವಿವಿಡ್, ಬ್ಯೂಟಿ ಆಯ್ಕೆಗಳನ್ನು ಆಫ್ ಮಾಡಿ. ಅವು ಕೆಂಪನ್ನು ಕಡುಗೆಂಪು ಮಾಡುತ್ತವೆ, ಜನರಿಗೆ ಮೋಸ ಆಯಿತು ಅನಿಸುವುದು ಇಲ್ಲೇ. ಹತ್ತಿರ ನಿಂತು ತೆಗೆದರೆ ದಡಿ ಸೊಟ್ಟಗಾಗುತ್ತದೆ. ಹಿಂದೆ ಸರಿದು 2 ಪಟ್ಟು ಜೂಮಿನಲ್ಲಿ ತೆಗೆಯಿರಿ. ಸೆರಗಿನ ರೇಷ್ಮೆ ಹೊಳೆದು ತೋಪ ತೆನಿ ವಿನ್ಯಾಸದ ನೇಯ್ಗೆ ಕಾಣದಿದ್ದರೆ ಸೀರೆಯನ್ನು ಸ್ವಲ್ಪ ತಿರುಗಿಸಿ, ಬೆಳಕು ಓರೆಯಾಗಿ ಬೀಳಲಿ. ನೇಯ್ಗೆಯ ಮೇಲೆ ಕಾಮನಬಿಲ್ಲಿನಂಥ ಅಲೆ ಕಂಡರೆ ಅದು ಸೆನ್ಸರಿನ ಚುಕ್ಕೆಗಳಿಗೂ ಎಳೆಗಳಿಗೂ ಆಗುವ ತಾಕಲಾಟ. ಒಂದು ಅಡಿ ಹಿಂದೆ ಮುಂದೆ ಸರಿದರೆ ಹೋಗುತ್ತದೆ. ರಾತ್ರಿಯೂ ತೆಗೆಯಬೇಕಾದರೆ ಸಿಆರ್‌ಐ (ಬಣ್ಣವನ್ನು ನಿಜವಾಗಿ ಕಾಣಿಸುವ ಗುಣದ ಅಂಕ) 95 ಅಥವಾ ಮೇಲಿನ ಎರಡು ಎಲ್‌ಇಡಿ ದೀಪ ಕೊಳ್ಳಿ, ಡಬ್ಬಿಯ ಮೇಲೆ ಬರೆದಿರುತ್ತದೆ. ಖರ್ಚು ಇಷ್ಟೇ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ತೇವ ತಗ್ಗಿಸುವ ಕಪಾಟು, ಡ್ರೈ ಕ್ಯಾಬಿನೆಟ್, ದುಬಾರಿ. ಬೇರೆ ದಾರಿ?
— ಓದುಗರು, ತೀರ್ಥಹಳ್ಳಿ

ಉತ್ತರ: ರಬ್ಬರ್ ಸುತ್ತಿರುವ, ಗಾಳಿಯಾಡದ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ 250 ಗ್ರಾಂ ಸಿಲಿಕಾ ಜೆಲ್, ಒಂದು ಚಿಕ್ಕ ಡಿಜಿಟಲ್ ಹೈಗ್ರೊಮೀಟರ್. ಒಳಗಿನ ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. 60 ದಾಟಿ ನಿಂತರೆ ಫಂಗಸ್ ಶುರು. 30ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ಒಳಗಿನ ಗ್ರೀಸ್, ರಬ್ಬರ್ ಒಣಗುತ್ತದೆ. ನೀಲಿ ಜೆಲ್ ಗುಲಾಬಿಯಾದಾಗ ಓವನ್ನಿನಲ್ಲಿ 110-120 ಡಿಗ್ರಿಗೆ ಎರಡು ಮೂರು ಗಂಟೆ ಕಾಯಿಸಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಪಾತ್ರೆಗೆ ಹಾಕಬೇಡಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದೇ ಒಳ್ಳೆಯದು. ಕ್ಯಾಮೆರಾ ಜೊತೆ ಬಂದ ಚರ್ಮದ ಚೀಲದಲ್ಲಿ ಇಡಲೇಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆಯಲ್ಲಿ ತೆಗೆದು ಬಂದ ಲೆನ್ಸನ್ನು ನೇರ ಡಬ್ಬಿಗೆ ಹಾಕದೆ ಮೊದಲು ಒರೆಸಿ ಫ್ಯಾನಿನ ಕೆಳಗೆ ಒಂದು ಗಂಟೆ ಇಡಿ.

ನಾಲ್ಕೈದು ಲೆನ್ಸ್ ಇದ್ದವರು ಡ್ರೈ ಕ್ಯಾಬಿನೆಟ್ಟೇ ಕೊಳ್ಳುವುದು ಒಳ್ಳೆಯದು. ಮಲೆನಾಡಿನಲ್ಲಿ ಎರಡನೇ ಲೆನ್ಸಿಗಿಂತ ಮೊದಲು ಬರಬೇಕಾದ್ದು ಅದು. ಫಂಗಸ್ಸು ಗಾಜಿನ ಮೇಲಿನ ಲೇಪವನ್ನು ತಿಂದ ಮೇಲೆ ಎಷ್ಟು ತೊಳೆಸಿದರೂ ಗುರುತು ಹೋಗುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಏನೇನು ನೋಡಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಹಗಲು ಹೊತ್ತಿನಲ್ಲಿ ಹೋಗಿ. ಚಾರ್ಜ್ ಆದ ಬ್ಯಾಟರಿ, ನಿಮ್ಮದೇ ಕಾರ್ಡ್, ಸಣ್ಣ ಟಾರ್ಚ್, ಒಂದು ಪೂರ್ತಿ ದಿನಪತ್ರಿಕೆ, ಅಂಟುಪಟ್ಟಿ ಜೊತೆಗಿರಲಿ.

ಬಿಲ್ಲಿನ ಸೀರಿಯಲ್ ನಂಬರ್ ಬಾಡಿಯದರ ಜೊತೆ ಹೊಂದಬೇಕು. ತಳದ ಸ್ಕ್ರೂಗಳ ತಲೆ ಉಜ್ಜಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ನಿಕಾನಿನಲ್ಲಿ ಎಷ್ಟು ಸಲ ಶಟರ್ ಬಿದ್ದಿದೆ ಎಂಬುದು ಫೋಟೊ ಫೈಲಿನೊಳಗೇ ಇರುತ್ತದೆ. ಕ್ಯಾನನ್ನಿನ ಹಲವು ಮಾದರಿಗಳಿಗೆ ಬೇರೆ ತಂತ್ರಾಂಶ ಅಥವಾ ಸರ್ವಿಸ್ ಸೆಂಟರ್ ಬೇಕು. ಆರಂಭಿಕ ಮಟ್ಟದ ಬಾಡಿಗಳ ಶಟರನ್ನು ಸಾಮಾನ್ಯವಾಗಿ ಒಂದು ಲಕ್ಷ ಸಲಕ್ಕೆ, ನಡುವಿನವುಗಳನ್ನು ಒಂದೂವರೆಯಿಂದ ಎರಡು ಲಕ್ಷಕ್ಕೆ ಪರೀಕ್ಷಿಸಿರುತ್ತಾರೆ. ಅದು ಆಯುಷ್ಯದ ಗಡಿಯಲ್ಲ, ಬೆಲೆ ಇಳಿಸಲು ಆಧಾರ.

ಎಫ್ 16, ಐಎಸ್ಒ 100 ಇಟ್ಟು, ಫೋಕಸನ್ನು ದೂರಕ್ಕೆ ತಿರುಗಿಸಿ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಮಸುಕಾದ ಚುಕ್ಕೆಗಳು ಧೂಳು, ತೊಳೆದರೆ ಹೋಗುತ್ತವೆ. ಗೀರಿನಂಥ ಗೆರೆ ಇದ್ದರೆ ಎದ್ದು ಬನ್ನಿ. ಲೆನ್ಸಿನ ಅಪರ್ಚರ್ ತೆರೆದು ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ: ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಇಡೀ ಗಾಜು ಹಾಲಿನಂತೆ ಮಬ್ಬಾದರೆ ಅದಕ್ಕಿಂತ ಕೆಟ್ಟದ್ದು. ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆದರೆ ಅವು ಮುಂದೆ ಅಂಟಿಕೊಳ್ಳುತ್ತವೆ.

ಬಹಳ ಜನ ಮರೆಯುವ ಪರೀಕ್ಷೆ ಇನ್ನೊಂದಿದೆ. ಪತ್ರಿಕೆಯ ಹಾಳೆಗಳನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ನೇರ ಎದುರಿಗೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು ತೆಗೆದು ನಾಲ್ಕೂ ಮೂಲೆಗಳ ಅಕ್ಷರ ಓದಿ. ನಾಲ್ಕೂ ಸಮನಾಗಿ ಸ್ವಲ್ಪ ಮಸುಕಾದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಮಸುಕಾಗಿದ್ದರೆ ಲೆನ್ಸ್ ಬಿದ್ದಿರಬಹುದು, ಒಳಗಿನ ಗಾಜು ಸರಿದಿರಬಹುದು. ಅದನ್ನು ಸರಿಮಾಡಿಸುವ ಖರ್ಚು ಎಷ್ಟೋ ಸಲ ಲೆನ್ಸಿನ ಬೆಲೆಯನ್ನೇ ಮುಟ್ಟುತ್ತದೆ.

ಪ್ರಶ್ನೆ: ಲೆನ್ಸಿಗೆ ಯುವಿ ಫಿಲ್ಟರ್ ಹಾಕಲೇಬೇಕೇ? 4ಕೆ ವಿಡಿಯೊಗೆ ಅತಿ ವೇಗದ ಕಾರ್ಡ್ ಬೇಕೇ?
— ಓದುಗರು, ಮಂಗಳೂರು

ಉತ್ತರ: ಸಮುದ್ರದ ಉಪ್ಪುಗಾಳಿಯಲ್ಲಿ, ಧೂಳಿನಲ್ಲಿ ಒಳ್ಳೆಯ ಫಿಲ್ಟರ್ ಹಾಕಿ, ಉಳಿದಂತೆ ಹುಡ್ (ಲೆನ್ಸಿನ ಮುಂದೆ ಹಾಕುವ ಕವಚ) ಸಾಕು. ಯುವಿ ತಡೆಯುವ ಗಾಜು ಸೆನ್ಸರಿನ ಮುಂದೆ ಮೊದಲೇ ಇದೆ. ಅಗ್ಗದ ಫಿಲ್ಟರ್ ಹಾಕಿ ದೀಪೋತ್ಸವ ತೆಗೆದರೆ ಪ್ರತಿ ದೀಪಕ್ಕೂ ಎದುರು ಮೂಲೆಯಲ್ಲಿ ಒಂದು ನೆರಳುದೀಪ ಕಾಣುತ್ತದೆ. ಫಿಲ್ಟರಿಗೆ ದುಡ್ಡು ಹಾಕುವುದಾದರೆ ಪೋಲರೈಸರಿಗೆ ಹಾಕಿ. ಅದು ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಆದರೆ ಒದ್ದೆ ಎಲೆ, ಕಲ್ಲಿನ ಮೇಲಿನ ಹೊಳಪನ್ನು ತೆಗೆಯುವ ಕೆಲಸ ಕಂಪ್ಯೂಟರಿನಿಂದ ಆಗದು.

ಕಾರ್ಡಿನ ಲೆಕ್ಕ ಸುಲಭ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆದರೆ ಅದು 12.5 ಮೆಗಾಬೈಟ್, ವಿ30 ಕಾರ್ಡ್ 30 ಮೆಗಾಬೈಟ್ ತಾಳುತ್ತದೆ. 400 ಮೆಗಾಬಿಟ್‌ನಲ್ಲಿ ತೆಗೆದರೆ ಮಾತ್ರ 50 ಮೆಗಾಬೈಟ್ ಆಗಿ ವಿ60 ಬೇಕು. ಕಾರ್ಡುಗಳಲ್ಲಿ ನಕಲಿ ಬಹಳ. ಹೊಸ ಕಾರ್ಡ್ ಬಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೂರ್ತಿ ತುಂಬಿಸಿ ಮತ್ತೆ ಓದಿಸಿ. ಬರೆದದ್ದಕ್ಕೂ ಓದಿದ್ದಕ್ಕೂ ವ್ಯತ್ಯಾಸ ಬಂದರೆ ವಾಪಸಿನ ಅವಧಿ ಮುಗಿಯುವ ಮೊದಲೇ ಹಿಂದಿರುಗಿಸಿ.